‘ಹಾಕು’ ಗೊತ್ತಿರುವ ಮಕ್ಕಳಿಗೆ ಓವರ್‌ಲೋಡಿಂಗ್ ಯಾಕೆ ಕಷ್ಟ?

ಮಾನ್ಯ ಸಂಪಾದಕರೇ,

ಹೋದ ಸೋಮವಾರ ನಿಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಬಿಸಿಎ ಮಕ್ಕಳಿಗಾಗಿ ಜಾವಾ ಎಂಬ ಕಂಪ್ಯೂಟರ್ ಭಾಷೆಯ ಮಾದರಿ ಪ್ರಶ್ನೋತ್ತರ ಹಾಕಿದ್ದೀರಿ. ಕನ್ನಡದಲ್ಲಿ ಇಂಥದ್ದನ್ನು ಹಾಕುವವರು ಎಷ್ಟು ಜನ ಇದ್ದಾರೆ ಹೇಳಿ. ಅದಕ್ಕೆ ಮೊದಲು ನಿಮಗೆ ಧನ್ಯವಾದ. ಆ ಪುಟವನ್ನು ನಮ್ಮ ಕಾಲೇಜಿನ ಲ್ಯಾಬ್ ಬಾಗಿಲಿಗೆ ಅಂಟಿಸಿದ್ದೇವೆ. ಮಕ್ಕಳು ನಿಂತು ಓದುತ್ತಾರೆ, ಕೆಲವರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗುತ್ತಾರೆ. ಹಾಗೆ ನಂಬಿ ಓದುತ್ತಾರೆ ಅನ್ನುವ ಕಾರಣಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಏಳನೇ ಪ್ರಶ್ನೆ ‘ಮೆಥಡ್ ಓವರ್‌ಲೋಡಿಂಗ್ ಎಂದರೇನು?’ ಅಂತ. ಅದಕ್ಕೆ ಎರಡು ಸಾಲಿನ ಉತ್ತರ ಕೊಟ್ಟಿದ್ದೀರಿ. ಮೊದಲನೇ ಸಾಲು: ‘ಒಂದೇ ಕ್ಲಾಸಿನಲ್ಲಿ ಒಂದೇ ಹೆಸರಿನ, ಬೇರೆ ಬೇರೆ ಪ್ಯಾರಾಮೀಟರ್‌ಗಳಿರುವ ಮೆಥಡ್‌ಗಳನ್ನು ಬರೆಯುವುದು.’ ಇದು ಎಲ್ಲ ಗೈಡುಗಳಲ್ಲೂ ಇರುವ ಸಾಲು. (ಮೆಥಡ್ ಅಂದರೆ ಹೆಸರಿಟ್ಟ ಒಂದು ಕೆಲಸ, ಪ್ಯಾರಾಮೀಟರ್ ಅಂದರೆ ಆ ಕೆಲಸಕ್ಕೆ ಕೊಡುವ ಸಾಮಾನು, ಕ್ಲಾಸ್ ಅಂದರೆ ಅಚ್ಚು, ಆಬ್ಜೆಕ್ಟ್ ಅಂದರೆ ಆ ಅಚ್ಚಿನಿಂದ ಮಾಡಿದ್ದು.) ಎರಡನೇ ಸಾಲು: ‘ಯಾವ ಮೆಥಡ್ ಎಂಬುದನ್ನು ಪ್ರೋಗ್ರಾಂ ಓಡುವಾಗ ಆಬ್ಜೆಕ್ಟ್ ನೋಡಿ ಜಾವಾ ಆರಿಸಿಕೊಳ್ಳುತ್ತದೆ.’ ಇದು ತಪ್ಪು. ಇಡೀ ವಿಷಯದ ಜೀವ ಇರುವುದೇ ಇಲ್ಲಿ, ಹಾಗಾಗಿ ಇದನ್ನು ಮುದ್ರಣದ ತಪ್ಪು ಅಂತ ಬಿಟ್ಟುಬಿಡಲು ಮನಸ್ಸಾಗಲಿಲ್ಲ.

ನಾನು ಬಿಸಿಎ ಮಕ್ಕಳಿಗೆ ಜಾವಾ ಕಲಿಸುತ್ತೇನೆ. ಹನ್ನೊಂದು ವರ್ಷ ಆಯಿತು. ನಮ್ಮಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಕಳೆದ ವರ್ಷ ಅವರಲ್ಲಿ ಒಬ್ಬಳು ಬೆಂಗಳೂರಿನ ಒಂದು ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದಳು. ಚೆನ್ನಾಗಿ ಓದುವ ಹುಡುಗಿ. ವಾಪಸ್ ಬಂದವಳು ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತಳು. “ಮೇಡಂ, ಓವರ್‌ಲೋಡಿಂಗ್ ಡೆಫಿನಿಷನ್ ಕೇಳಿದ್ರು, ಹೇಳಿದೆ. ಆಮೇಲೆ ಎಂಟು ಸಾಲಿನ ಒಂದು ಪ್ರೋಗ್ರಾಂ ತೋರಿಸಿ ಇದರಲ್ಲಿ ಯಾವ ಮೆಥಡ್ ಓಡುತ್ತೆ ಅಂದ್ರು. ಅದು ಗೊತ್ತಾಗ್ಲಿಲ್ಲ” ಅಂದಳು. ಅಷ್ಟು ಹೇಳಿ ಸುಮ್ಮನಾದಳು. ಅವಳು ಹೇಳಿದ ಡೆಫಿನಿಷನ್ ನಿಮ್ಮ ಪುಟದ ಆ ಮೊದಲನೇ ಸಾಲೇ, ನಾನು ಬೋರ್ಡಿನ ಮೇಲೆ ಬರೆಸಿದ್ದೂ ಅದೇ. ಆ ದಿನದಿಂದ ನನ್ನ ಪಾಠವನ್ನು ನಾನು ಬದಲಾಯಿಸಿದ್ದೇನೆ. ಹೇಗೆ ಅಂತ ಹೇಳುತ್ತೇನೆ, ಉಳಿದ ಮೇಷ್ಟ್ರುಗಳಿಗೂ ಉಪಯೋಗ ಆಗಬಹುದು.

ಮೊದಲು ಪದದ ಮಾತು. ನಮ್ಮೂರ ಕಡೆ ಓವರ್‌ಲೋಡ್ ಅಂದರೆ ಟೆಂಪೋಗೆ ಜಾಸ್ತಿ ಜನ ತುಂಬುವುದು, ಲಾರಿಗೆ ಜಾಸ್ತಿ ಮರಳು ತುಂಬುವುದು, ಚೆಕ್‌ಪೋಸ್ಟಿನಲ್ಲಿ ದಂಡ ಕಟ್ಟುವುದು. ಹಿಂದಿನ ಬೆಂಚಿನ ಒಬ್ಬ ಹುಡುಗ ಕೇಳಿದ್ದ, “ಮೇಡಂ, ಒಂದೇ ಹೆಸರಿಗೆ ಐದಾರು ಮೆಥಡ್ ತುಂಬಿದ್ರೆ ಪ್ರೋಗ್ರಾಂ ನಿಧಾನ ಆಗಲ್ವಾ?” ಬಹಳ ಒಳ್ಳೆಯ ಪ್ರಶ್ನೆ. ಆ ಪದ ಕೇಳಿದವರಿಗೆ ಹಾಗೇ ಅನ್ನಿಸಬೇಕು. ಉತ್ತರ: ಆಗುವುದಿಲ್ಲ. ಯಾಕೆಂದರೆ ಯಾವ ಮೆಥಡ್ ಎಂಬ ತೀರ್ಮಾನ ಪ್ರೋಗ್ರಾಂ ಓಡುವುದಕ್ಕೆ ಮುಂಚೆಯೇ, ಕಂಪೈಲ್ ಮಾಡುವಾಗಲೇ, ಅಂದರೆ ನಾವು ಬರೆದದ್ದನ್ನು ಕಂಪೈಲರ್ ಎಂಬ ಟೂಲು ಓಡಿಸಲು ಬರುವ ರೂಪಕ್ಕೆ ತಿರುಗಿಸುವಾಗಲೇ ಮುಗಿದಿರುತ್ತದೆ. ಓಡುವಾಗ ಹುಡುಕುವ ಕೆಲಸವೇ ಇಲ್ಲ.

ಈಗ ನಾನು ಈ ಪಾಠವನ್ನು ‘ಹಾಕು’ ಎಂಬ ಪದದಿಂದ ಶುರು ಮಾಡುತ್ತೇನೆ. ಬೋರ್ಡಿನ ಮೇಲೆ ಅದೊಂದನ್ನೇ ಬರೆದು, ಇದರ ಅರ್ಥ ಏನು ಅಂತ ಕೇಳುತ್ತೇನೆ. ಯಾರೂ ಹೇಳುವುದಿಲ್ಲ. “ಏನನ್ನ ಹಾಕೋದು ಮೇಡಂ?” ಅಂತ ನನ್ನನ್ನೇ ಕೇಳುತ್ತಾರೆ. ಸರಿ, ಹೇಳಿ ಅಂದರೆ ಒಬ್ಬೊಬ್ಬರೂ ಶುರು ಮಾಡುತ್ತಾರೆ. ಬೀಗ ಹಾಕು. ಅಂಗಿ ಹಾಕು. ಲೈಟ್ ಹಾಕು. ಊಟ ಹಾಕು. ಲೆಕ್ಕ ಹಾಕು. ರಂಗೋಲಿ ಹಾಕು. ಸಹಿ ಹಾಕು, ಅರ್ಜಿ ಹಾಕು, ಓಟು ಹಾಕು, ಗೊಬ್ಬರ ಹಾಕು. ಬೋರ್ಡು ತುಂಬುತ್ತದೆ. ಬೀಗ ಹಾಕುವಾಗ ಕೈ ಮಾಡುವ ಕೆಲಸವೇ ಬೇರೆ, ಊಟ ಹಾಕುವಾಗ ಮಾಡುವ ಕೆಲಸವೇ ಬೇರೆ. ಹೆಸರು ಮಾತ್ರ ಒಂದೇ. ಜೊತೆಗೆ ಏನು ಬಂತು ಅನ್ನುವುದರ ಮೇಲೆ ಯಾವ ಕೆಲಸ ಅಂತ ತೀರ್ಮಾನವಾಗುತ್ತದೆ. ಇದೇ ಓವರ್‌ಲೋಡಿಂಗ್. ನಮ್ಮ ಮಕ್ಕಳು ಎರಡು ವರ್ಷದವರಿದ್ದಾಗಿಂದ ಇದನ್ನು ಮಾಡಿಕೊಂಡೇ ಬಂದಿದ್ದಾರೆ. ಕಟ್ಟು ತೆಗೆದುಕೊಳ್ಳಿ: ಮನೆ ಕಟ್ಟು, ಹೂ ಕಟ್ಟು, ಫೀಸು ಕಟ್ಟು. ತೆಗೆ ನೋಡಿ: ಬಾಗಿಲು ತೆಗೆ ಅಂದರೆ ತೆರೆಯುವುದು, ಅಂಗಿ ತೆಗೆ ಅಂದರೆ ಬಿಚ್ಚುವುದು, ಫೋಟೋ ತೆಗೆ ಅಂದರೆ ಇನ್ನೇನೋ.

ಇಲ್ಲಿ ಒಂದು ಸಂಗತಿ ಬಹಳ ಜನ ಮೇಷ್ಟ್ರುಗಳಿಗೇ ಗೊತ್ತಿರುವುದಿಲ್ಲ. ಜಾವಾದಲ್ಲಿ ಕ್ಲಾಸಿನ ಹೆಸರು, ಮೆಥಡ್ ಹೆಸರು, ವೇರಿಯಬಲ್ ಹೆಸರು ಎಲ್ಲವನ್ನೂ ಕನ್ನಡ ಲಿಪಿಯಲ್ಲೇ ಬರೆಯಬಹುದು. ಕ್ಲಾಸ್, ವಾಯ್ಡ್, ನ್ಯೂ ಇಂಥ ಕೀವರ್ಡ್‌ಗಳು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇರಬೇಕು. ಬೀಗ, ದೀಪ, ಅಂಗಿ ಅಂತ ಮೂರು ಕ್ಲಾಸ್ ಮಾಡಿ, ‘ಹಾಕು’ ಅಂತ ಮೂರು ಮೆಥಡ್ ಬರೆದು, ನಿಜವಾಗಿ ಕಂಪೈಲ್ ಮಾಡಿ ಓಡಿಸಬಹುದು. ಹಳೆಯ ಜಾವಾ ಇರುವ ವಿಂಡೋಸ್ ಮೆಷಿನ್‌ಗಳಲ್ಲಿ ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ರೀತಿ) ಯುಟಿಎಫ್-8 ಅಂತ ಕಂಪೈಲರ್‌ಗೆ ಹೇಳಬೇಕಾಗುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಅದೂ ಬೇಡ. ನಮ್ಮ ಲ್ಯಾಬಿನಲ್ಲಿ ಮೊದಲ ಸಲ ಇದನ್ನು ಓಡಿಸಿದಾಗ ಪರದೆಯ ಮೇಲೆ ‘ಬೀಗ ಹಾಕಿದೆ’ ಅಂತ ಬಂತು. ಹಿಂದಿನ ಬೆಂಚಿನವರೆಲ್ಲ ಎದ್ದು ಮುಂದಿನ ಕಂಪ್ಯೂಟರ್ ಹತ್ತಿರ ಬಂದು ನಿಂತರು. ಅಷ್ಟು ದಿನ ಪ್ರೋಗ್ರಾಂ ಅಂದರೆ ಬೇರೆ ಯಾರದೋ ವಸ್ತು ಅನ್ನುವ ಹಾಗಿದ್ದ ಮಕ್ಕಳ ಮುಖ ಆವತ್ತು ಹೇಗಿತ್ತು ಅಂತ ನಿಮಗೆ ತೋರಿಸಬೇಕಿತ್ತು.

ಆದರೆ ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ. ಕನ್ನಡದಲ್ಲಿ ‘ಸಾರಿಗೆ ಉಪ್ಪು ಹಾಕು’ ಅಂದರೂ ‘ಉಪ್ಪು ಹಾಕು ಸಾರಿಗೆ’ ಅಂದರೂ ಒಂದೇ. ‘ಗೆ’ ಅನ್ನುವ ವಿಭಕ್ತಿ ಯಾವುದು ಯಾವುದಕ್ಕೆ ಅಂತ ಹೇಳಿಬಿಡುತ್ತದೆ. ಜಾವಾಕ್ಕೆ ವಿಭಕ್ತಿ ಇಲ್ಲ. ಅಲ್ಲಿ ಜಾಗವೇ ವಿಭಕ್ತಿ. ಮೊದಲು ಸ್ಟ್ರಿಂಗ್ (ಅಕ್ಷರಗಳ ಸಾಲು) ಆಮೇಲೆ ಇಂಟ್ (ಪೂರ್ಣ ಸಂಖ್ಯೆ) ಇದ್ದರೆ ಒಂದು ಮೆಥಡ್, ಮೊದಲು ಇಂಟ್ ಆಮೇಲೆ ಸ್ಟ್ರಿಂಗ್ ಇದ್ದರೆ ಇನ್ನೊಂದು ಮೆಥಡ್. ಪ್ಯಾರಾಮೀಟರ್‌ನ ಹೆಸರು ಮಾತ್ರ ಬದಲಾಯಿಸಿದರೆ ಲೆಕ್ಕಕ್ಕಿಲ್ಲ. ವಾಪಸ್ ಕೊಡುವ ಉತ್ತರದ ಟೈಪ್ (ಇಂಟ್, ಸ್ಟ್ರಿಂಗ್ ಇಂಥ ಬಗೆ) ಒಂದನ್ನೇ ಬದಲಾಯಿಸಿದರೂ ಆಗುವುದಿಲ್ಲ, ಆಗಲೇ ಈ ಮೆಥಡ್ ಇದೆ ಅಂತ ಕಂಪೈಲರ್ ಬೈಯುತ್ತದೆ. ಅದಕ್ಕೆ ಕಾರಣವೂ ಸರಳ. ಕೂಡಿಸು(2, 3) ಅಂತ ಬರೆದು, ಬಂದ ಉತ್ತರವನ್ನು ಯಾವುದರಲ್ಲೂ ಇಟ್ಟುಕೊಳ್ಳದೆ ಹಾಗೇ ಬಿಟ್ಟರೆ, ಎರಡರಲ್ಲಿ ಯಾವುದನ್ನು ಕರೆದದ್ದು ಅಂತ ಹೇಳುವುದು ಹೇಗೆ?

ಈಗ ನಿಮ್ಮ ಎರಡನೇ ಸಾಲಿಗೆ ಬರುತ್ತೇನೆ.

‘ವಸ್ತು’ ಅಂತ ಒಂದು ಕ್ಲಾಸ್ ಇದೆ ಅಂದುಕೊಳ್ಳಿ. ದೀಪ ಅದರ ಮಗು, ಅಂದರೆ ವಸ್ತುವಿನಿಂದಲೇ ಹುಟ್ಟಿದ ಕ್ಲಾಸ್. ಹಾಕು ಎಂಬ ಮೆಥಡ್ ಎರಡು ಇದೆ: ಒಂದು ವಸ್ತು ತೆಗೆದುಕೊಳ್ಳುತ್ತದೆ, ಇನ್ನೊಂದು ದೀಪ ತೆಗೆದುಕೊಳ್ಳುತ್ತದೆ. ನಾನು ‘ವಸ್ತು ವ = ನ್ಯೂ ದೀಪ()’ ಅಂತ ಬರೆದು, ಆಮೇಲೆ ಹಾಕು(ವ) ಅಂತ ಕರೆದರೆ ಯಾವುದು ಓಡುತ್ತದೆ? ಕ್ಲಾಸಿನಲ್ಲಿ ಕೇಳಿದರೆ ಹತ್ತರಲ್ಲಿ ಒಂಬತ್ತು ಮಕ್ಕಳು ದೀಪದ್ದು ಅನ್ನುತ್ತಾರೆ. ನಿಮ್ಮ ಪುಟವೂ ಹಾಗೇ ಹೇಳುತ್ತದೆ. ಇಂಟರ್‌ವ್ಯೂನಲ್ಲಿ ನನ್ನ ಹುಡುಗಿಗೆ ಕೇಳಿದ್ದೂ ಇಂಥದ್ದೇ. ಓಡುವುದು ವಸ್ತುವಿನದ್ದು.

ಇದನ್ನು ಅಡುಗೆಮನೆಯ ಡಬ್ಬಗಳಿಂದ ಹೇಳುತ್ತೇನೆ. ಡಬ್ಬದ ಮೇಲೆ ಲೇಬಲ್ ಇದೆ, ಒಳಗೆ ಏನೋ ಇದೆ. ಎಷ್ಟೋ ಮನೆಗಳಲ್ಲಿ ‘ಸಕ್ಕರೆ’ ಅಂತ ಬರೆದ ಡಬ್ಬದಲ್ಲಿ ರವೆ ಇರುತ್ತದೆ, ಅಲ್ವಾ. ಕಂಪೈಲರ್ ಹೇಗೆ ಅಂದರೆ, ರಾತ್ರಿಯೇ ಡಬ್ಬಗಳ ಲೇಬಲ್ ಓದಿ, ನಾಳೆ ಯಾವ ಅಡುಗೆಗೆ ಯಾವ ಡಬ್ಬ ಅಂತ ಚೀಟಿ ಬರೆದಿಟ್ಟು ಮಲಗಿಬಿಡುವವರ ಹಾಗೆ. ಅದು ಮುಚ್ಚಳ ತೆಗೆಯುವುದೇ ಇಲ್ಲ. ‘ವಸ್ತು ವ’ ಅಂತ ಬರೆದಿದ್ದು ಲೇಬಲ್. ‘ನ್ಯೂ ದೀಪ’ ಅನ್ನುವುದು ಒಳಗಿರುವ ಸಾಮಾನು. ಓವರ್‌ಲೋಡ್ ಆದ ಮೆಥಡ್‌ಗಳಲ್ಲಿ ಯಾವುದು ಎಂಬುದು ಲೇಬಲ್ ನೋಡಿ ರಾತ್ರಿಯೇ ತೀರ್ಮಾನವಾಯಿತು. ಬೆಳಿಗ್ಗೆ, ಅಂದರೆ ಪ್ರೋಗ್ರಾಂ ಓಡುವಾಗ, ಮುಚ್ಚಳ ತೆಗೆದು ಒಳಗಿರುವುದನ್ನು ನೋಡಿ ನಡೆದುಕೊಳ್ಳುವುದು ಓವರ್‌ರೈಡಿಂಗ್, ಅಂದರೆ ತಾಯಿ ಕ್ಲಾಸಿನ ಮೆಥಡ್ ಅನ್ನೇ ಮಗು ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆದಾಗ. ಅಲ್ಲಿಯೂ ಡಾಟ್‌ನ ಎಡಗಡೆ ಇರುವ ಆಬ್ಜೆಕ್ಟಿನ ಮುಚ್ಚಳ ಮಾತ್ರ ತೆಗೆಯುತ್ತದೆ, ಬ್ರ್ಯಾಕೆಟ್ ಒಳಗಿರುವವುಗಳದ್ದಲ್ಲ. ಬಾಯಿಮಾತಿನಲ್ಲಿ ನಂಬಬೇಕಾಗಿಲ್ಲ. ಕಂಪೈಲ್ ಆದ ಫೈಲನ್ನು ಜಾವಾಪ್ ಎಂಬ ಟೂಲಿನಿಂದ ಬಿಚ್ಚಿ ನೋಡಿದರೆ, ಅಲ್ಲಿ ಬರೀ ‘ಹಾಕು’ ಅಂತ ಇರುವುದಿಲ್ಲ. ವಸ್ತು ತೆಗೆದುಕೊಳ್ಳುವ ಹಾಕು ಅಂತ, ಟೈಪ್ ಸಮೇತ ಬರೆದಿಟ್ಟಿರುತ್ತದೆ. ಆ ಚೀಟಿ ಕಣ್ಣಿಗೇ ಕಾಣುತ್ತದೆ.

ಇದೆಲ್ಲ ಪರೀಕ್ಷೆಯ ತಂಟೆ ಅಂತ ಯಾರಿಗಾದರೂ ಅನ್ನಿಸಬಹುದು. ಹಾಗಲ್ಲ. ಪಾಠಕ್ಕೆ ಬರುವ ಮೊದಲು ನಾನು ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಆರು ವರ್ಷ ಕೆಲಸ ಮಾಡಿದೆ. ಆಗ ಒಂದು ಹಳ್ಳಿಯ ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿ ಮತ್ತು ಬಟವಾಡೆಯ ಪ್ರೋಗ್ರಾಂ ಮಾಡಿಕೊಟ್ಟಿದ್ದೆವು. ಸದಸ್ಯರ ನಂಬರುಗಳನ್ನು ಮೊದಲು ಒಂದು ಸೆಟ್‌ನಲ್ಲಿ, ಅಂದರೆ ಮೊದಲನೇದು ಎರಡನೇದು ಅಂತ ಜಾಗ ಇಲ್ಲದ ಗುಂಪಿನಲ್ಲಿ, ಇಟ್ಟಿದ್ದೆವು. ಯಾರಾದರೂ ಸಂಘ ಬಿಟ್ಟರೆ ರಿಮೂವ್ ಎಂಬ ಮೆಥಡ್‌ಗೆ ಅವರ ನಂಬರ್ ಕೊಟ್ಟರೆ ಆಯಿತು, ಆ ನಂಬರ್ ಹೋಗುತ್ತಿತ್ತು. ಚೆನ್ನಾಗಿಯೇ ನಡೆದಿತ್ತು. ಕೆಲವು ತಿಂಗಳ ಮೇಲೆ ಸಂಘದವರು, ಪಟ್ಟಿ ನಾವು ಹೇಳಿದ ಕ್ರಮದಲ್ಲೇ ಪ್ರಿಂಟ್ ಆಗಬೇಕು ಅಂದರು. ಸರಿ ಅಂತ ಸೆಟ್ ತೆಗೆದು, ಕ್ರಮವಾಗಿ ಇಡುವ ಲಿಸ್ಟ್ ಹಾಕಿದೆವು. ರಿಮೂವ್ ಇದ್ದ ಸಾಲನ್ನು ಯಾರೂ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೂ ಕಾಣಲಿಲ್ಲ. ಕಂಪೈಲ್ ಆಯಿತು, ಒಂದು ತಕರಾರೂ ಬರಲಿಲ್ಲ.

ಲಿಸ್ಟ್‌ನಲ್ಲಿ ರಿಮೂವ್ ಎರಡು ಇವೆ. ಒಂದು ಇಂಟ್ ತೆಗೆದುಕೊಳ್ಳುತ್ತದೆ, ಅದಕ್ಕೆ ಆ ಸಂಖ್ಯೆ ಎಂದರೆ ಸಾಲಿನಲ್ಲಿರುವ ಜಾಗ. ಇನ್ನೊಂದು ಆಬ್ಜೆಕ್ಟ್ ತೆಗೆದುಕೊಳ್ಳುತ್ತದೆ, ಅದಕ್ಕೆ ಅದು ಹುಡುಕಿ ತೆಗೆಯಬೇಕಾದ ವಸ್ತು. ಸೆಟ್‌ನಲ್ಲಿ ಜಾಗ ಅನ್ನುವುದೇ ಇಲ್ಲ, ಹಾಗಾಗಿ ಆಬ್ಜೆಕ್ಟ್ ತೆಗೆದುಕೊಳ್ಳುವ ರಿಮೂವ್ ಒಂದೇ ಇತ್ತು, ಇಂಟ್ ಕೊಟ್ಟರೂ ಅದೇ ಸಂಭಾಳಿಸಿಕೊಂಡು ಹೋಗುತ್ತಿತ್ತು. ಲಿಸ್ಟ್ ಬಂದ ಕೂಡಲೇ ಅದೇ ಸಾಲು, ಒಂದಕ್ಷರವೂ ಬದಲಾಗದೆ, ಬೇರೆ ಅರ್ಥ ಕೊಡಲು ಶುರು ಮಾಡಿತು. 41ನೇ ನಂಬರಿನವರು ಸಂಘ ಬಿಟ್ಟರು. ನಾವು ರಿಮೂವ್(41) ಅಂದೆವು. ಜಾವಾ ಸೊನ್ನೆಯಿಂದ ಎಣಿಸುತ್ತದೆ. 41ನೇ ಜಾಗದಲ್ಲಿ ಕೂತಿದ್ದವರು 42ನೇ ನಂಬರಿನವರು, ಅವರ ಹೆಸರು ಪಟ್ಟಿಯಿಂದ ಹೋಯಿತು. ನಾವು ಟೆಸ್ಟ್ ಮಾಡುವಾಗ ಪಟ್ಟಿಯಲ್ಲಿ ಒಂದು ಕಡಿಮೆ ಆಯಿತಾ ಅಂತ ಮಾತ್ರ ನೋಡಿದ್ದೆವು. ಒಂದು ಕಡಿಮೆ ಆಗಿತ್ತು.

42ನೇ ನಂಬರ್ ಒಬ್ಬ ಹೆಂಗಸಿನದು. ಎರಡು ಹಸು ಇಟ್ಟುಕೊಂಡಿದ್ದವರು. ಆ ಹದಿನೈದು ದಿನದ ಬಟವಾಡೆಯಲ್ಲಿ ಅವರ ಹೆಸರು ಬರಲಿಲ್ಲ. ಎರಡು ಸಲ ಸಂಘದ ಬಾಗಿಲಿಗೆ ಬಂದು ಹೋದರಂತೆ. ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿಲ್ಲ ಅಂತ ಅವರಿಗೆ ಹೇಳಿ ಕಳಿಸಿದ್ದರು. ನಮಗೆ ವಿಷಯ ಗೊತ್ತಾಗಿ ಸರಿ ಮಾಡಿಕೊಟ್ಟೆವು. ಸರಿ ಮಾಡಿದ್ದು ಏನು? ಇಂಟಿಜರ್ ಡಾಟ್ ವ್ಯಾಲ್ಯೂಆಫ್ ಎಂದು ಸೇರಿಸಿ, ಇದು ಜಾಗ ಅಲ್ಲ, ವಸ್ತು ಅಂತ ಕಂಪೈಲರ್‌ಗೆ ಲೇಬಲ್ ಹಚ್ಚಿ ಕೊಟ್ಟೆವು. ಒಂದು ಸಾಲು. ಓವರ್‌ಲೋಡಿಂಗ್ ಡೆಫಿನಿಷನ್ ನಮ್ಮ ತಂಡದಲ್ಲಿ ಎಲ್ಲರಿಗೂ ಬರುತ್ತಿತ್ತು, ಯಾರನ್ನು ಎಬ್ಬಿಸಿ ಕೇಳಿದ್ದರೂ ಹೇಳುತ್ತಿದ್ದರು. ಆ ಹೆಂಗಸು ಬಾಗಿಲಲ್ಲಿ ನಿಂತದ್ದನ್ನು ನಾನು ನೋಡಿಲ್ಲ, ಕೇಳಿದ್ದು ಅಷ್ಟೇ. ಆದರೂ ಈ ಪಾಠ ಮಾಡುವಾಗಲೆಲ್ಲ ನೆನಪಾಗುತ್ತದೆ.

ಈ ಗೋಜಲು ಜಾವಾದಲ್ಲಿ ಮೊದಲಿನಿಂದ ಇರಲಿಲ್ಲ ಅನ್ನುವುದನ್ನೂ ಮಕ್ಕಳಿಗೆ ಹೇಳಬೇಕು. ಲಿಸ್ಟ್ ಬಂದದ್ದು 1998ರ ಜಾವಾ 1.2ರಲ್ಲಿ. ಆಗ ಇಂಟ್ ಅನ್ನು ಆಬ್ಜೆಕ್ಟ್ ಅಂತ ಸುಮ್ನೆ ಕೊಡಲು ಬರುತ್ತಿರಲಿಲ್ಲ, ಹಾಗಾಗಿ ಎರಡು ರಿಮೂವ್‌ಗಳು ಒಂದರ ದಾರಿಗೆ ಒಂದು ಅಡ್ಡ ಬರುತ್ತಿರಲಿಲ್ಲ. 2004ರ ಜಾವಾ 5ರಲ್ಲಿ ಆಟೋಬಾಕ್ಸಿಂಗ್ ಬಂತು, ಅಂದರೆ ಇಂಟ್ ತಾನಾಗಿಯೇ ಇಂಟಿಜರ್ ಎಂಬ ಪೊಟ್ಟಣದೊಳಗೆ ಕೂರುವ ಸೌಲಭ್ಯ. ಬರೆಯುವವರಿಗೆ ಅನುಕೂಲವಾಯಿತು, ಓದುವವರಿಗೆ ಈ ಸಂಕಟ ಶುರುವಾಯಿತು. ಹಳೆಯ ಪ್ರೋಗ್ರಾಂಗಳು ಕೆಡಬಾರದು ಅಂತ ಜಾವಾದವರು ಆಗ ಒಂದು ನಿಯಮ ಮಾಡಿದರು. ಕಂಪೈಲರ್ ಮೂರು ಸುತ್ತು ಹುಡುಕುತ್ತದೆ. ಮೊದಲನೇ ಸುತ್ತಿನಲ್ಲಿ ಪೊಟ್ಟಣ ಕಟ್ಟದೆ ಸಿಗುತ್ತದಾ ನೋಡುತ್ತದೆ, ಇಂಟ್ ಅನ್ನು ಲಾಂಗ್ (ಇನ್ನೂ ದೊಡ್ಡ ಪೂರ್ಣ ಸಂಖ್ಯೆಯ ಟೈಪ್) ಮಾಡಿಕೊಳ್ಳುವಂಥ ಸಣ್ಣ ಹಿಗ್ಗಿಸುವಿಕೆ ಇಲ್ಲಿ ಸರಿ. ಸಿಗದಿದ್ದರೆ ಎರಡನೇ ಸುತ್ತು, ಪೊಟ್ಟಣ ಕಟ್ಟಿ. ಆಗಲೂ ಇಲ್ಲದಿದ್ದರೆ ಮಾತ್ರ ಮೂರನೇ ಸುತ್ತು, ಎಷ್ಟು ಬೇಕಾದರೂ ತೆಗೆದುಕೊಳ್ಳುವ ಮೂರು ಚುಕ್ಕಿಯ ಮೆಥಡ್.

ಲ್ಯಾಬಿನಲ್ಲಿ ಇದಕ್ಕೆ ‘ಕಟ್ಟು’ ಅಂತ ಮೂರು ಮೆಥಡ್ ಬರೆಸುತ್ತೇನೆ: ಲಾಂಗ್‌ನದ್ದು, ಇಂಟಿಜರ್‌ನದ್ದು, ಮೂರು ಚುಕ್ಕಿಯದ್ದು. ಕಟ್ಟು(5) ಅಂತ ಕರೆದರೆ ಲಾಂಗ್ ಓಡುತ್ತದೆ. ಮಕ್ಕಳಿಗೆ ಆಶ್ಚರ್ಯ. ಇಂಟಿಜರ್ ಹತ್ತಿರದ್ದಲ್ವಾ ಮೇಡಂ ಅನ್ನುತ್ತಾರೆ. ಲಾಂಗ್ ಮೆಥಡ್ ಅಳಿಸಿ ಅನ್ನುತ್ತೇನೆ. ಈಗ ಇಂಟಿಜರ್ ಓಡುತ್ತದೆ. ಅದನ್ನೂ ಅಳಿಸಿದ ಮೇಲೆ ಮೂರು ಚುಕ್ಕಿಯದ್ದು. ಐದು ನಿಮಿಷದ ಕೆಲಸ. ಆಮೇಲೆ ಯಾರೂ ಮರೆಯುವುದಿಲ್ಲ.

ನನಗೆ ಬಹಳ ಇಷ್ಟವಾದ ಇನ್ನೊಂದು ಪ್ರಯೋಗ ಇದೆ, ಇದನ್ನು ಯಾವ ಗೈಡಿನಲ್ಲೂ ನೋಡಿಲ್ಲ. ಪರದೆಯ ಮೇಲೆ ಬರೆಸಲು ಎಲ್ಲರೂ ಮೊದಲ ದಿನವೇ ಬರೆಯುವ ಪ್ರಿಂಟ್‌ಎಲ್‌ಎನ್ ಇದೆಯಲ್ಲ, ಅದೇ ಓವರ್‌ಲೋಡ್ ಆದದ್ದು. ಅದರ ಹತ್ತು ರೂಪಗಳಿವೆ: ಖಾಲಿ ಒಂದು, ಆಮೇಲೆ ಬೂಲಿಯನ್, ಕ್ಯಾರ್, ಇಂಟ್, ಲಾಂಗ್, ಫ್ಲೋಟ್, ಡಬಲ್, ಕ್ಯಾರ್‌ಗಳ ಅರೇ, ಸ್ಟ್ರಿಂಗ್, ಆಬ್ಜೆಕ್ಟ್. ಒಂಟಿ ಕೋಟ್ ಒಳಗೆ ‘ಕ’ ಅಂತ ಕೊಟ್ಟು ಪ್ರಿಂಟ್ ಮಾಡಿಸಿ, ಕ ಬರುತ್ತದೆ. ಅದಕ್ಕೇ ಒಂದು ಕೂಡಿಸಿ ಪ್ರಿಂಟ್ ಮಾಡಿಸಿ. 3222 ಬರುತ್ತದೆ! ಯಾಕೆಂದರೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ‘ಕ’ದ ಸಂಖ್ಯೆ 3221. ಕ್ಯಾರ್‌ಗೆ (ಒಂದೇ ಅಕ್ಷರದ ಟೈಪ್) ಇಂಟ್ ಕೂಡಿಸಿದರೆ ಬರುವುದು ಇಂಟ್, ಲೇಬಲ್ ಬದಲಾಯಿತು, ಪ್ರಿಂಟ್‌ಎಲ್‌ಎನ್‌ನ ಇಂಟ್ ರೂಪ ಕರೆ ಎತ್ತಿಕೊಂಡಿತು. ಅದನ್ನೇ ಮತ್ತೆ ಕ್ಯಾರ್ ಅಂತ ಕಾಸ್ಟ್ ಮಾಡಿ ಕೊಟ್ಟರೆ ‘ಖ’ ಬರುತ್ತದೆ. ಜೋಡಿ ಕೋಟ್ ಹಾಕಿದ ‘ಕ’ಕ್ಕೆ ಒಂದು ಕೂಡಿಸಿದರೆ ‘ಕ1’. ನಾಲ್ಕು ಸಾಲು, ನಾಲ್ಕು ಉತ್ತರ. ಒಂಟಿ ಕೋಟ್ ಒಳಗೆ ‘ಕಾ’ ಹಾಕಲು ಹೋದ ಹುಡುಗನಿಗೆ ಕಂಪೈಲರ್ ಎರರ್ ಕೊಟ್ಟಿತು, ಯಾಕೆಂದರೆ ಅಲ್ಲಿ ಕ ಮತ್ತು ದೀರ್ಘ ಎರಡೂ ಬೇರೆ ಬೇರೆ ಕ್ಯಾರ್. ಅದು ಬೇರೆ ಪಾಠ. ಆದರೆ ಅವತ್ತು ಅರ್ಧ ಗಂಟೆ ಅದರ ಮೇಲೇ ಮಾತಾಡಿದೆವು.

ಪ್ರಿಂಟ್‌ಎಲ್‌ಎನ್‌ಗೆ ಬರೀ ನಲ್, ಅಂದರೆ ‘ಏನೂ ಇಲ್ಲ’ ಅನ್ನುವುದನ್ನು ಕೊಟ್ಟು ನೋಡಿ. ಕಂಪೈಲೇ ಆಗುವುದಿಲ್ಲ. ಸ್ಟ್ರಿಂಗ್ ರೂಪಕ್ಕೂ ಹೊಂದುತ್ತದೆ, ಕ್ಯಾರ್ ಅರೇ ರೂಪಕ್ಕೂ ಹೊಂದುತ್ತದೆ, ಎರಡರಲ್ಲಿ ಯಾವುದು ಅಂತ ತೋಚದೆ ಕಂಪೈಲರ್ ನಿಂತುಬಿಡುತ್ತದೆ. ಅಮ್ಮ ಒಳಗಿನಿಂದ “ತೆಗಿಯೋ” ಅಂತ ಕೂಗಿದರೆ ಮಗ “ಏನನ್ನ?” ಅಂತ ಕೇಳುವುದಿಲ್ಲವೇ, ಹಾಗೆ. ಊಹೆ ಮಾಡಿ ಏನೋ ಒಂದನ್ನು ತೆಗೆಯುವುದಕ್ಕಿಂತ ಕೇಳುವುದೇ ಒಳ್ಳೆಯದು. ಎರರ್ ಅಂದರೆ ಬೈಗುಳ ಅಂದುಕೊಳ್ಳುವ ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಎರರ್ ಓದುವ ಧೈರ್ಯ ಬಂದಿದೆ.

ನಿಮ್ಮ ಉತ್ತರದ ಮೊದಲ ಸಾಲಿನಲ್ಲಿ ‘ಒಂದೇ ಕ್ಲಾಸಿನಲ್ಲಿ’ ಅಂತ ಇದೆಯಲ್ಲ, ಅದೂ ಪೂರ್ತಿ ಸರಿಯಲ್ಲ. ತಾಯಿ ಕ್ಲಾಸಿನಿಂದ ಬಂದ ಮೆಥಡ್ ಜೊತೆಗೂ ಓವರ್‌ಲೋಡ್ ಆಗುತ್ತದೆ, ಅನೇಕ ಸಲ ಬರೆದವರಿಗೇ ಗೊತ್ತಿಲ್ಲದೆ. ಸದಸ್ಯ ಎಂಬ ಕ್ಲಾಸಿನಲ್ಲಿ, ಎರಡು ಆಬ್ಜೆಕ್ಟ್ ಒಂದೇನಾ ಅಂತ ನೋಡುವ ಈಕ್ವಲ್ಸ್ ಮೆಥಡ್ ಬರೆಯುವಾಗ ಪ್ಯಾರಾಮೀಟರ್ ಜಾಗದಲ್ಲಿ ಸದಸ್ಯ ಅಂತ ಹಾಕುತ್ತಾರೆ. ಅದು ಆಬ್ಜೆಕ್ಟ್ ಅಂತ ಇರಬೇಕಿತ್ತು. ಓವರ್‌ರೈಡ್ ಮಾಡಿದೆ ಅಂದುಕೊಂಡಿರುತ್ತಾರೆ, ಆಗಿದ್ದು ಓವರ್‌ಲೋಡ್. ಒಂದೇ ವಿವರ ಇರುವ ಎರಡು ಬೇರೆ ಬೇರೆ ಸದಸ್ಯ ಆಬ್ಜೆಕ್ಟ್‌ಗಳನ್ನು ನೇರವಾಗಿ ಹೋಲಿಸಿದರೆ ಟ್ರೂ ಬರುತ್ತದೆ. ಅವುಗಳಲ್ಲಿ ಒಂದನ್ನು ಲಿಸ್ಟಿಗೆ ಹಾಕಿ, ಇನ್ನೊಂದನ್ನು ಕೊಟ್ಟು ಲಿಸ್ಟಿನಲ್ಲಿ ಇದೆಯಾ ಅಂತ ಕಂಟೇನ್ಸ್ ಕೇಳಿದರೆ ಫಾಲ್ಸ್ ಬರುತ್ತದೆ, ಯಾಕೆಂದರೆ ಲಿಸ್ಟ್ ಒಳಗಡೆ ಕರೆಯುವುದು ಆಬ್ಜೆಕ್ಟ್ ತೆಗೆದುಕೊಳ್ಳುವ ಹಳೆಯ ಈಕ್ವಲ್ಸ್ ಅನ್ನು. ಮೆಥಡ್ ಮೇಲೆ ಅಟ್ ಓವರ್‌ರೈಡ್ ಅಂತ ಒಂದು ಪದ ಬರೆದಿದ್ದರೆ ಕಂಪೈಲರ್ ಆಗಲೇ ಹಿಡಿದು ಕೊಡುತ್ತಿತ್ತು. ಅದೂ ಜಾವಾ 5ರಲ್ಲೇ ಬಂದದ್ದು. ನಮ್ಮ ಮಕ್ಕಳ ರೆಕಾರ್ಡ್ ಪುಸ್ತಕಗಳಲ್ಲಿ ಅದನ್ನು ಹುಡುಕಿದರೂ ಸಿಗುವುದಿಲ್ಲ, ಬರೆಸುವವರು ಬರೆಸುತ್ತಿಲ್ಲ.

ಬೇರೆ ಭಾಷೆಗಳ ಮಾತು ಜಾಸ್ತಿ ಬೇಡ, ಆದರೆ ಒಂದೆರಡು ಹೇಳದೆ ಬಿಟ್ಟರೆ ಮಕ್ಕಳಿಗೆ ಇದು ಪ್ರಪಂಚದ ನಿಯಮ ಅನ್ನಿಸಿಬಿಡುತ್ತದೆ. ಸಿ ಭಾಷೆಯಲ್ಲಿ ಓವರ್‌ಲೋಡಿಂಗ್ ಇಲ್ಲ, ಅದಕ್ಕೇ ಅಲ್ಲಿ ಇಂಟ್‌ಗೆ ಆಬ್ಸ್, ಲಾಂಗ್‌ಗೆ ಲ್ಯಾಬ್ಸ್, ಡಬಲ್‌ಗೆ ಫ್ಯಾಬ್ಸ್ ಅಂತ ಮೂರು ಹೆಸರು. ಸಿ++ ಬಂದಾಗ ಹೆಸರು ಒಂದಾಯಿತು, ಆದರೆ ಒಳಗಡೆ ಕಂಪೈಲರ್ ಪ್ರತಿ ಹೆಸರಿಗೂ ಬಾಲ ಅಂಟಿಸುತ್ತದೆ: ಜಿಸಿಸಿ ಎಂಬ ಕಂಪೈಲರ್‌ನಲ್ಲಾದರೆ ಎರಡು ಇಂಟ್ ಇದ್ದರೆ ಎರಡು ಐ, ಎರಡು ಡಬಲ್ ಇದ್ದರೆ ಎರಡು ಡಿ. ನಮ್ಮ ಹಾಜರಿ ಪುಸ್ತಕದಲ್ಲಿ ಮೂವರು ಮಂಜುನಾಥ ಇದ್ದರೆ ಇನಿಷಿಯಲ್ ಹಾಕಿ ಬರೆಯುವುದಿಲ್ಲವೇ, ಅದೇ ಉಪಾಯ. ಶುರುವಿನ ಸಿ++ನಲ್ಲಂತೂ ಓವರ್‌ಲೋಡ್ ಮಾಡಬೇಕಾದರೆ ಓವರ್‌ಲೋಡ್ ಅಂತ ಒಂದು ಕೀವರ್ಡ್ ಬರೆದು ಮೊದಲೇ ತಿಳಿಸಬೇಕಿತ್ತು, ಆಮೇಲೆ ಅದನ್ನು ಕೈಬಿಟ್ಟರು. ಪೈಥಾನ್‌ನಲ್ಲಿ ಒಂದೇ ಹೆಸರಲ್ಲಿ ಎರಡು ಸಲ ಬರೆದರೆ ಕೊನೆಯದ್ದು ಮಾತ್ರ ಉಳಿಯುತ್ತದೆ, ಮೊದಲಿನದ್ದು ಸದ್ದಿಲ್ಲದೆ ಹೋಗುತ್ತದೆ, ಪೈಥಾನ್ ಕಲಿತು ಬಂದ ಮಕ್ಕಳಿಗೆ ಇದನ್ನು ಮೊದಲ ದಿನವೇ ಹೇಳಬೇಕು. ಗೋ ಭಾಷೆ ಮಾಡಿದವರು ಓವರ್‌ಲೋಡಿಂಗ್ ಬೇಡವೇ ಬೇಡ ಅಂತ ಬೇಕೆಂದೇ ಬಿಟ್ಟರು. ಅವರ ತೀರ್ಮಾನದಲ್ಲಿ ಹುರುಳಿದೆ. ಸಹಕಾರ ಸಂಘದ ಆ ಪ್ರೋಗ್ರಾಂನಲ್ಲಿ ರಿಮೂವ್ ಎರಡಕ್ಕೂ ಬೇರೆ ಬೇರೆ ಹೆಸರಿದ್ದಿದ್ದರೆ 42ನೇ ನಂಬರಿನ ಹೆಂಗಸಿಗೆ ದುಡ್ಡು ಸರಿಯಾಗಿ ಸಿಗುತ್ತಿತ್ತು. ನನ್ನ ಮಕ್ಕಳಿಗೆ ನಾನು ಹೇಳುವುದೂ ಇದೇ: ಮಾಡುವ ಕೆಲಸ ಒಂದೇ ಆಗಿದ್ದು ಕೊಡುವ ಟೈಪ್ ಮಾತ್ರ ಬೇರೆ ಆಗಿದ್ದರೆ ಹೆಸರು ಒಂದೇ ಇರಲಿ, ಪ್ರಿಂಟ್‌ಎಲ್‌ಎನ್ ಹಾಗೆ. ಕೆಲಸವೇ ಬೇರೆ ಆದರೆ ಹೆಸರೂ ಬೇರೆ ಇಡಿ. ಜಾಗದಿಂದ ತೆಗೆಯುವುದು ಬೇರೆ, ಹುಡುಕಿ ತೆಗೆಯುವುದು ಬೇರೆ.

ಪ್ರಶ್ನೆಪತ್ರಿಕೆ ತೆಗೆಯುವವರೂ ನಿಮ್ಮ ಪುಟ ಓದುತ್ತಾರೆ ಅಂತ ನಂಬಿ ಅವರಿಗೂ ಒಂದು ಮಾತು. ‘ಓವರ್‌ಲೋಡಿಂಗ್ ಮತ್ತು ಓವರ್‌ರೈಡಿಂಗ್ ವ್ಯತ್ಯಾಸ ಬರೆಯಿರಿ’ ಅಂತ ಐದು ಅಂಕಕ್ಕೆ ಕೇಳುವುದನ್ನು ದಯವಿಟ್ಟು ನಿಲ್ಲಿಸಿ. ಮಕ್ಕಳು ಎರಡು ಕಾಲಂ ಎಳೆದು ಕಂಪೈಲ್ ಟೈಮ್, ರನ್ ಟೈಮ್ ಅಂತ ಬರೆದು ಐದು ಅಂಕ ತೆಗೆದುಕೊಳ್ಳುತ್ತಾರೆ, ಕಂಪೈಲ್ ಟೈಮ್ ಅಂದರೆ ಯಾವ ಹೊತ್ತು ಅಂತ ಕೇಳಿದರೆ ಮುಖ ನೋಡುತ್ತಾರೆ. ಅದರ ಬದಲು ಎಂಟು ಸಾಲಿನ ಪ್ರೋಗ್ರಾಂ ಕೊಡಿ, ಯಾವುದು ಓಡುತ್ತದೆ, ಯಾಕೆ ಅಂತ ಕೇಳಿ. ಇಂಗ್ಲಿಷ್ ಕಡಿಮೆ ಬರುವ ಮಗುವಿಗೂ ಅದಕ್ಕೆ ಉತ್ತರ ಬರೆಯಲು ಆಗುತ್ತದೆ, ಬಾಯಿಪಾಠ ಮಾಡಿದವರಿಗೆ ಆಗುವುದಿಲ್ಲ. ನ್ಯಾಯ ಅಂದರೆ ಅದೇ ಅಲ್ವಾ.

ನಿಮ್ಮಲ್ಲಿ ನನ್ನ ಕೋರಿಕೆ ಎರಡೇ. ಏಳನೇ ಪ್ರಶ್ನೆಯ ಎರಡನೇ ಸಾಲಿಗೆ ಮುಂದಿನ ಸೋಮವಾರ ತಿದ್ದುಪಡಿ ಹಾಕಿ: ‘ಯಾವ ಮೆಥಡ್ ಎಂಬುದನ್ನು ವೇರಿಯಬಲ್‌ಗೆ ಕೊಟ್ಟ ಟೈಪ್ ನೋಡಿ ಕಂಪೈಲರ್ ಮೊದಲೇ ಆರಿಸುತ್ತದೆ.’ ಇಷ್ಟು ಸಾಕು. ಇನ್ನೊಂದು, ಆ ಪುಟದ ಮೂಲೆಯಲ್ಲಿ ವಾರಕ್ಕೊಂದು ಸಣ್ಣ ಪ್ರೋಗ್ರಾಂಗೆ ಜಾಗ ಕೊಡಿ, ಹೆಸರುಗಳೆಲ್ಲ ಕನ್ನಡದಲ್ಲಿರುವಂಥದ್ದು, ಉತ್ತರ ಮುಂದಿನ ವಾರ. 2017ರಿಂದ ಜಾವಾ ಜೊತೆಗೇ ಜೆಶೆಲ್ ಬರುತ್ತದೆ, ಮಕ್ಕಳು ಒಂದೊಂದೇ ಸಾಲು ಟೈಪ್ ಮಾಡಿ ಅಲ್ಲೇ ಪರೀಕ್ಷಿಸಿ ನೋಡಬಹುದು, ಪೂರ್ತಿ ಪ್ರೋಗ್ರಾಂ ಬರೆಯುವುದೂ ಬೇಡ. ಬರೆದು ಕೊಡಲು ನಾನು ಸಿದ್ಧ, ಸಂಭಾವನೆ ಬೇಡ. ವಸ್ತು, ದೀಪ, ಹಾಕು ಇರುವ ಮೊದಲನೇ ಪ್ರೋಗ್ರಾಂ ಅನ್ನು ಓಡಿಸಿ ನೋಡಿ, ಈ ಪತ್ರದ ಜೊತೆಗೇ ಇಟ್ಟಿದ್ದೇನೆ. ಅದನ್ನು ಬರೆದದ್ದು ನಾನಲ್ಲ. ಇಂಟರ್‌ವ್ಯೂ ಮುಗಿಸಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯೇ ಬರೆದದ್ದು.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ಉಪನ್ಯಾಸಕಿ, ಅರಸೀಕೆರೆ